ಸುಡದೆ ಉಳಿದ ನಾಲ್ಕನೆಯ ಊರು

ಕಳೆದ ವಾರ ಬೆಂಗಳೂರಿನಿಂದ ಅಮೆರಿಕಕ್ಕೆ ಬಂದಿದ್ದ ಚಿಕ್ಕಮ್ಮನನ್ನು ಔಟ್‌ಲೆಟ್ ಅಂಗಡಿಗಳಿಗೆ ಕರೆದುಕೊಂಡು ಹೊರಟಿದ್ದೆ. ಬೆಳ್ಳುಳ್ಳಿ ಬೆಳೆಗೇ ಹೆಸರಾದ ಗಿಲ್‌ರಾಯ್ ಹತ್ತಿರವಾಗುತ್ತಿದ್ದಂತೆ, ಕಿಟಕಿ ಏರಿಸಿದ್ದರೂ, ಬೆಳ್ಳುಳ್ಳಿ ವಾಸನೆ ಕಾರಿನೊಳಗೆ ನುಗ್ಗಿತು. ಚಿಕ್ಕಮ್ಮ ಮೂಗಿಗೆ ದುಪಟ್ಟಾ ಹಿಡಿದರು. ನನಗೆ ನಗು ತಡೆಯಲಾಗಲಿಲ್ಲ.

"ಏನೇ, ಏನಾಯ್ತೇ?"

"ಏನಿಲ್ಲ ಚಿಕ್ಕಮ್ಮ. ಅಲ್ಲಿ ಆ ಗುಡ್ಡ ಕಾಣುತ್ತಲ್ಲ, ಅದರ ಹಿಂದೆ ನಾವು ಇಂಗ್ಲೆಂಡಿನ ಸೈನ್ಯವನ್ನ ಸೋಲಿಸಿದ್ವಿ."

ಚಿಕ್ಕಮ್ಮ ನನ್ನ ಮುಖವನ್ನೊಮ್ಮೆ, ಫ್ರೀವೇಯನ್ನೊಮ್ಮೆ ನೋಡಿದರು. "ನೀನು ಮೊದಲು ನೆಟ್ಟಗೆ ಗಾಡಿ ಓಡಿಸು" ಎಂದರು.

ಸುಳ್ಳು ಹೇಳಲಿಲ್ಲ. ನಾಲ್ಕು ವರ್ಷದ ಹಿಂದಿನ ಬೇಸಿಗೆ ಅದು. ಆ ವರ್ಷ ನನ್ನ ಗಂಡ ರಘುವಿಗೆ ನಲವತ್ತೈದು ತುಂಬಿತ್ತು. ಆ ವಯಸ್ಸಿಗೆ ಅವನ ಆಫೀಸಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹುಚ್ಚು ಹತ್ತುತ್ತದೆ. ಒಬ್ಬ ಮ್ಯಾರಥಾನ್ ಓಡುತ್ತಾನೆ, ಇನ್ನೊಬ್ಬ ಜೇನು ಸಾಕುತ್ತಾನೆ. ನಮ್ಮವನಿಗೆ ಬಿಲ್ಲು ಬಾಣದ ಹುಚ್ಚು ಹತ್ತಿತು. ಚಳಿಗಾಲವೆಲ್ಲ ಭಾನುವಾರದ ತಿಂಡಿ ಬಿಟ್ಟು ತನ್ನಷ್ಟೇ ಎತ್ತರದ ಬಿಲ್ಲು ಹೊತ್ತುಕೊಂಡು ಹೋದ. ಹೋದವನು ಹಳೆಯ ಕಾಲದ ಯುದ್ಧಗಳನ್ನು ಆಟವಾಗಿ ಆಡುವ ಒಂದು ಗುಂಪಿಗೆ ಸೇರಿಬಿಟ್ಟ. ಜುಲೈ ತಿಂಗಳಲ್ಲಿ ಗಿಲ್‌ರಾಯ್ ಆಚೆಯ, ದನ ಮೇಯಿಸುವ ಒಂದು ದೊಡ್ಡ ರ‍್ಯಾಂಚಿನಲ್ಲಿ ಅವರ ವರ್ಷದ ಆಟ. ಉಡುಪಿಯ ರಘು ಇಂಗ್ಲೆಂಡಿನ ಬಿಲ್ಲುಗಾರ. ನಮ್ಮ ಹದಿನಾಲ್ಕು ವರ್ಷದ ಮಗಳು ಅದಿತಿ, "ಅಪ್ಪ, ಯು ಆರ್ ಸೋ ಎಂಬರಾಸಿಂಗ್" ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ಏಪ್ರಿಲಿನಲ್ಲಿ ಆ ಗುಂಪಿನ ಮೀಟಿಂಗು ನಮ್ಮ ಮನೆಯ ಹತ್ತಿರವೇ, ಬೆರ್ರಿಯೆಸಾದ ಒಂದು ಸಮುದಾಯ ಭವನದಲ್ಲಿ ನಡೆಯಿತು. ರಘುವನ್ನು ಬಿಡಲು ಹೋದವಳು ಪುಕ್ಕಟೆ ಕಾಫಿ ಸಿಕ್ಕಿತೆಂದು ಹಿಂದಿನ ಸಾಲಿನಲ್ಲಿ ಕುಳಿತೆ. ಇಂಗ್ಲಿಷರ ಕಡೆಯ ನಾಯಕ ಗ್ರೆಗ್. ವಾರದ ದಿನಗಳಲ್ಲಿ ಹಲ್ಲಿನ ಡಾಕ್ಟರು, ಒಳ್ಳೆಯ ಮನುಷ್ಯ, ದೊಡ್ಡ ದನಿ. ಅವನು ಎದ್ದು ನಿಂತು, ಆಟದಲ್ಲಿ ಇಂಗ್ಲಿಷರು ಸುಡುವ ಫ್ರಾನ್ಸಿನ ನಾಲ್ಕು ಹಳ್ಳಿಗಳಿಗೆ ಮುಂದಿನ ವರ್ಷದಿಂದ ಜನ ಬೇಡ, ಒಂದೊಂದು ಕಂಬ ನೆಟ್ಟು ಬಾವುಟ ಕಟ್ಟಿದರೆ ಸಾಕು ಎಂದ. ಹೇಗೂ ಪ್ರತಿವರ್ಷ ನಾಲ್ಕೂ ಊರು ಸುಟ್ಟು ಹೋಗುತ್ತವೆ, ಅದಕ್ಕೆ ಅಷ್ಟು ಜನ ಬಿಸಿಲಲ್ಲಿ ಯಾಕೆ ಒಣಗಬೇಕು ಎಂಬುದು ಅವನ ವಾದ.

ಆಗ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಹೆಸರು ಡಾರತಿ. ಎಪ್ಪತ್ತೆಂಟು ವರ್ಷ, ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಹನ್ನೊಂದು ವರ್ಷದಿಂದ ನಾಲ್ಕನೆಯ ಊರಿನ ಹಿರಿಯಳಾಗಿ ಆಡುತ್ತಿದ್ದವಳು.

"ಈ ದಾಳಿಗಳ ಬಗ್ಗೆ ಬರೆದಿಟ್ಟವರು ಎಷ್ಟು ಊರು ಸುಟ್ಟೆವು ಅಂತ ಬರೆದಿದ್ದಾರೆ, ಗ್ರೆಗ್" ಎಂದಳು. "ಆ ಊರಲ್ಲಿ ಯಾರಿದ್ದರು ಅಂತ ಬರೆದಿಲ್ಲ. ನಾವು ಅಲ್ಲಿ ಕೂತಿರೋದು ಅದಕ್ಕೇ. ನಮ್ಮನ್ನೂ ತೆಗೆದುಬಿಟ್ಟರೆ ನೀವು ದಾಳಿ ಮಾಡೋದು ಯಾರ ಮೇಲೆ? ಕಂಬದ ಮೇಲೆ?"

ಸಭೆಯಲ್ಲಿ ಕೆಲವರು ಅವಳನ್ನೇ ಗೇಲಿ ಮಾಡಿ ನಕ್ಕರು. ಕೊನೆಗೆ ರಾಜಿಯಾಯಿತು: ಈ ವರ್ಷ ಒಂದಾದರೂ ಊರು ಉಳಿದರೆ ಮುಂದೆಯೂ ಜನ ಇರಲಿ, ಇಲ್ಲವಾದರೆ ಬಾವುಟ. ನಕ್ಕವರನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ನಾನು ಬಸವನಗುಡಿಯಲ್ಲಿ ಬೆಳೆದವಳು, ಫ್ರಾನ್ಸಿನ ಹಳ್ಳಿಗೂ ನನಗೂ ಏನೇನೂ ಸಂಬಂಧವಿಲ್ಲ. ಆದರೂ ಮೀಟಿಂಗು ಮುಗಿದ ಮೇಲೆ ಅವಳ ಬಳಿಗೆ ಹೋಗಿ, "ನಿಮ್ಮ ಊರಿಗೆ ನಾನೂ ಬರ್ತೀನಿ" ಎಂದುಬಿಟ್ಟೆ. ರಘು ಪಾರ್ಕಿಂಗಿನಲ್ಲಿ, "ವಸುಧಾ, ನೀನು ನನ್ನ ಎದುರು ಪಾರ್ಟಿನಾ?" ಎಂದು ಕೇಳಿದ. ಹೌದು ಎಂದೆ.

ಡಾರತಿ ಒಂದಷ್ಟು ಜೆರಾಕ್ಸ್ ಹಾಳೆಗಳನ್ನು ಕೊಟ್ಟಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ರೈಲಿನಲ್ಲಿ ಹೋಗಿ ಬರುವ ಹೊತ್ತಿನಲ್ಲಿ ಮೇ ತಿಂಗಳಿಡೀ ಅದನ್ನೇ ಓದಿದೆ. ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಜರು, ರಾಜಕುಮಾರರು ಸೈನ್ಯ ಕಟ್ಟಿಕೊಂಡು ಫ್ರಾನ್ಸಿಗೆ ಹೋಗುತ್ತಿದ್ದರು. ಕೋಟೆಗಳ ಮುಂದೆ ತಿಂಗಳುಗಟ್ಟಲೆ ಕೂರುವುದರ ಬದಲು ನಾಡಿನ ಉದ್ದಕ್ಕೂ ಹರಡಿಕೊಂಡು ಕುದುರೆ ಓಡಿಸುವುದು, ಸಿಕ್ಕಿದ ಹಳ್ಳಿ, ಗಿರಣಿ, ಕಣಜಗಳಿಗೆ ಬೆಂಕಿ ಇಡುವುದು, ಕಾಳು ದನ ಹೊಡೆದುಕೊಂಡು ಮುಂದಕ್ಕೆ ಹೋಗುವುದು. ನಿಮ್ಮ ರಾಜನ ಕೈಯಲ್ಲಿ ನಿಮ್ಮನ್ನು ಕಾಪಾಡಲಾಗುವುದಿಲ್ಲ ಎಂದು ಜನಕ್ಕೆ ತೋರಿಸಿಕೊಡುವುದೇ ಅದರ ಉದ್ದೇಶ. ಓದುತ್ತಾ ಓದುತ್ತಾ ಒಂದು ವಿಷಯ ಮನಸ್ಸಿನಲ್ಲಿ ನಿಂತಿತು. ಆ ಸೈನ್ಯ ಎಲ್ಲಿಯೂ ನಿಲ್ಲುವ ಹಾಗಿರಲಿಲ್ಲ. ನಿಂತರೆ ಸುತ್ತಮುತ್ತಲ ಕಾಳು ಮುಗಿಯುತ್ತಿತ್ತು. ತಡಮಾಡಿದರೆ ಫ್ರಾನ್ಸಿನ ರಾಜನ ದಂಡು ಬಂದು ಹಿಡಿಯುತ್ತಿತ್ತು. ಅವರಿಗೆ ಇದ್ದದ್ದು ಎರಡೇ ಚಿಂತೆ, ಹಸಿವು ಮತ್ತು ಹೊತ್ತು.

ಆಟದ ನಿಯಮಗಳೂ ಹಾಗೇ ಇದ್ದವು. ಬೆಳಿಗ್ಗೆ ಒಂಬತ್ತಕ್ಕೆ ಇಂಗ್ಲಿಷರು ಹೊರಡುತ್ತಾರೆ. ನಾಲ್ಕೂ ಊರುಗಳ ಕಂಬಕ್ಕೆ ಕಿತ್ತಳೆ ಬಟ್ಟೆ ಕಟ್ಟಬೇಕು. ಆ ಒಣ ಹುಲ್ಲಿನ ಗುಡ್ಡಗಳಲ್ಲಿ ನಿಜವಾದ ಬೆಂಕಿಯ ಮಾತೇ ಇಲ್ಲ, ಬಟ್ಟೆ ಕಟ್ಟಿದರೆ ಊರು ಸುಟ್ಟಂತೆ. ಮಧ್ಯಾಹ್ನ ಮೂರಕ್ಕೆ ಕೊಂಬು ಊದಿ ಫ್ರಾನ್ಸಿನ ದಂಡನ್ನು ಬಿಡುತ್ತಾರೆ. ಅಷ್ಟರೊಳಗೆ ಇಂಗ್ಲಿಷರು ಹಳ್ಳ ದಾಟಿರಬೇಕು, ಇಲ್ಲವಾದರೆ ಸೋತಂತೆ. ಕೊಂಬು ಊದಿದ ಮೇಲೆ ಬಟ್ಟೆ ಕಟ್ಟುವಂತಿಲ್ಲ. ಊರಿನವರು ಆಯುಧ ಮುಟ್ಟುವಂತಿಲ್ಲ. ಬೇಡಿಕೊಳ್ಳಬಹುದು, ಮೂಟೆ ಬಚ್ಚಿಡಬಹುದು, ಆತಿಥ್ಯ ಕೊಡಬಹುದು. ನಾಯಕ ಆತಿಥ್ಯ ಒಪ್ಪಿದರೆ ಅದು ಮುಗಿಯುವ ತನಕ ಬಟ್ಟೆ ಕಟ್ಟುವಂತಿಲ್ಲ. ಡಾರತಿ ಪ್ರತಿವರ್ಷ ಬ್ರೆಡ್ಡು, ಚೀಸು ಕೊಡುತ್ತಿದ್ದಳಂತೆ. ಅವರು ನಿಂತಲ್ಲೇ ತಿಂದು, ಬಾಯಿ ಒರೆಸಿಕೊಂಡು, ಬಟ್ಟೆ ಕಟ್ಟಿ ಹೋಗುತ್ತಿದ್ದರಂತೆ.

"ಕೂರಿಸಿ ಬಡಿಸಬೇಕು" ಎಂದೆ ನಾನು. ಪಂಕ್ತಿಯೂಟ ಎಂದರೆ ಏನೆಂದು ಡಾರತಿಗೆ ವಿವರಿಸಿದೆ. ಸಾಲಾಗಿ ನೆಲದ ಮೇಲೆ ಕೂರುವುದು, ಒಂದೊಂದೇ ಬಡಿಸಿಕೊಂಡು ಬರುವುದು, ಸಾಲಿನಲ್ಲಿ ಹಿರಿಯರು ಏಳುವ ತನಕ ಯಾರೂ ಏಳದೇ ಇರುವುದು. ಡಾರತಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಹಿರಿಯರು ಅಂದರೆ ನಾನೇ ಅಲ್ಲವಾ?" ಎಂದಳು. "ನಾನು ತುಂಬ ನಿಧಾನ ತಿಂತೀನಿ."

ಆದರೆ ಇನ್ನೊಂದು ನಿಯಮವಿತ್ತು: ಅಮೆರಿಕ ಖಂಡದಿಂದ ಬಂದ ಯಾವ ಪದಾರ್ಥವೂ ಅಡುಗೆಯಲ್ಲಿರಬಾರದು. ಆ ಕಾಲದ ಯುರೋಪಿನಲ್ಲಿ ಅವು ಇರಲಿಲ್ಲವಲ್ಲ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಹುರುಳಿಕಾಯಿ ಇಲ್ಲ, ಮೆಣಸಿನಕಾಯಿಯಂತೂ ಇಲ್ಲವೇ ಇಲ್ಲ. ಅಮೆರಿಕದಲ್ಲೇ ಕುಳಿತು ಅಮೆರಿಕದ ತರಕಾರಿ ಮುಟ್ಟದೆ ಎಂಬತ್ತು ಜನಕ್ಕೆ ಏನು ಅಡುಗೆ ಮಾಡುವುದು? ನಾನು ಊಟದ ಮೇಜಿನಲ್ಲಿ ತಲೆ ಕೆಡಿಸಿಕೊಂಡು ಪಟ್ಟಿ ಬರೆಯುತ್ತಿದ್ದೆ. ಆ ಬೇಸಿಗೆ ಉಡುಪಿಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಹಿಂದಿನಿಂದ ಬಗ್ಗಿ ನೋಡಿದರು.

"ಎಂತ ಮಾರಾಯ್ತಿ, ಇಷ್ಟಕ್ಕೆ ತಲೆಬಿಸಿಯಾ? ಇದು ನಮ್ಮ ತಿಥಿ ಅಡುಗೆ ಅಲ್ವಾ!"

ನನಗೆ ಹೊಳೆದೇ ಇರಲಿಲ್ಲ. ಅವರ ಮನೆಯಲ್ಲಿ ಶ್ರಾದ್ಧದ ದಿನ ಇವೇ ತರಕಾರಿಗಳು ವರ್ಜ್ಯ. ಖಾರಕ್ಕೆ ಕಾಳುಮೆಣಸು, ಪಲ್ಯಕ್ಕೆ ಬಾಳೆಕಾಯಿ, ಹುಳಿಗೆ ಬೂದುಗುಂಬಳ, ಜೊತೆಗೆ ಉದ್ದಿನ ವಡೆ, ಎಳ್ಳುಂಡೆ, ಪಾಯಸ. ಪಟ್ಟಿ ಐದು ನಿಮಿಷದಲ್ಲಿ ಮುಗಿಯಿತು. ಮುಗಿದ ಮೇಲೆ ಅತ್ತೆಗೇ ಅಳುಕಾಯಿತು. "ಅಲ್ಲ, ಯಾರದ್ದೂ ತಿಥಿ ಇಲ್ಲದೆ ತಿಥಿ ಅಡುಗೆ ಮಾಡುದು ಹೇಗೆ? ಅದೂ ಆಟಕ್ಕೆ?" ಎಂದು ಎರಡು ದಿನ ಗೊಣಗಿದರು. ಮೂರನೆಯ ದಿನ ನಾನು ರೈಲಿನಲ್ಲಿ ಓದಿದ್ದನ್ನು ಅವರಿಗೆ ಹೇಳಿದೆ. ಸುಟ್ಟ ಊರುಗಳ ಲೆಕ್ಕವಿದೆ, ಜನರ ಹೆಸರಿಲ್ಲ ಎಂದೆ. ಅತ್ತೆ ಕೊತ್ತಂಬರಿ ಸೋಸುವುದನ್ನು ನಿಲ್ಲಿಸಿದರು.

"ಹಾಗಾದರೆ ಅವರಿಗೆ ಯಾರೂ ಮಾಡಲಿಲ್ಲ" ಎಂದರು. ಮತ್ತೆ ಸೊಪ್ಪು ಕೈಗೆತ್ತಿಕೊಂಡು, "ಮಾಡುವ. ಸರಿಯಾಗಿ ಮಾಡುವ" ಎಂದರು.

ಜೂನ್ ತಿಂಗಳು ತಯಾರಿಯಲ್ಲೇ ಕಳೆಯಿತು. ಗುಡ್ಡಗಳೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿದವು. ಬೆರ್ರಿಯೆಸಾದ ವಿಯೆಟ್ನಾಮಿನವರ ಅಂಗಡಿಯಲ್ಲಿ ಫ್ರೀಜರಿನ ಬಾಳೆಲೆಗಳನ್ನು ಒಂದೂ ಬಿಡದೆ ತಂದೆವು. ಊರಿನವರು ಒಟ್ಟು ಹದಿನೇಳು ಜನ, ಹೆಚ್ಚಿನವರು ಡಾರತಿಯ ಹಳೆಯ ಗೆಳತಿಯರು. ಶನಿವಾರಗಳಂದು ನಮ್ಮ ಹಿತ್ತಲಿನಲ್ಲಿ ಅವರಿಗೆಲ್ಲ ಅತ್ತೆ ಬಡಿಸುವುದನ್ನು ಕಲಿಸಿದರು. ಯಾವುದು ಎಲೆಯ ಯಾವ ಬದಿಗೆ, ಸೌಟನ್ನು ಎಷ್ಟು ಬಗ್ಗಿಸಬೇಕು, ಬೇಡ ಎಂದವರಿಗೆ ಮತ್ತೆ ಹೇಗೆ ಹಾಕಬೇಕು, ಎಲ್ಲವನ್ನೂ. ಭಾಷೆ ಅಡ್ಡ ಬರಲಿಲ್ಲ. ಬೇಡ ಎಂದು ಎಲೆಗೆ ಕೈ ಅಡ್ಡ ಇಟ್ಟರೆ ಬೆರಳ ಸಂದಿಯಿಂದ ಸಾರು ಬಿಡುವ ಅತ್ತೆಯ ವರಸೆ ನೋಡಿ ಆ ಹೆಂಗಸರು ಬಿದ್ದು ಬಿದ್ದು ನಕ್ಕರು. ಅದಿತಿಯೂ ರೂಮಿನಿಂದ ಹೊರಗೆ ಬಂದು, "ಅಜ್ಜಿ, ಕ್ಯಾನ್ ಐ ಡೂ ದ ವಡಾ?" ಎಂದು ಕೇಳಿ ಊರಿಗೆ ಸೇರಿಕೊಂಡಳು. ರಘು ಒಬ್ಬನೇ ಇಂಗ್ಲೆಂಡಿನವನಾಗಿ ಉಳಿದ. ಊಟವಿದೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು, ಯಾಕೆ ಎಂಬುದನ್ನು ಹೇಳಲಿಲ್ಲ.

ಆ ದಿನ ಬಂತು. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಗೇಟಿನಲ್ಲಿ ಎಲ್ಲರ ವಾಚು, ಫೋನು ಕಿತ್ತಿಟ್ಟುಕೊಂಡರು, ಹಳೆಯ ಕಾಲದಲ್ಲಿ ಅವೆಲ್ಲಿದ್ದವು ಎಂದು. ನಮ್ಮ ಊರೆಂದರೆ ಓಕ್ ಮರದಡಿಯ ಆರು ಡೇರೆ, ಹತ್ತು ಮೂಟೆ, ಒಂದು ಕಂಬ. ಹುಲ್ಲು ಕೆರೆದು ತೆಗೆದ ಬರೀ ಮಣ್ಣಿನ ಜಾಗದಲ್ಲಿ ಗ್ಯಾಸಿನ ಒಲೆ ಹಚ್ಚಲು ಅನುಮತಿಯಿತ್ತು. ಬಿಳಿ ಪಟ್ಟಿ ತೊಟ್ಟ ಅಂಪೈರು ಹೆಂಗಸು ಬಂದು ಪಾತ್ರೆಗಳ ಮುಚ್ಚಳ ತೆಗೆಸಿ ನೋಡಿದಳು. ಸಾರು ನಾಲಿಗೆಗೆ ಹಚ್ಚಿ, ಖಾರ ಎಲ್ಲಿಂದ ಬಂತು ಎಂದು ಹುಬ್ಬು ಗಂಟಿಕ್ಕಿದಳು. ಕಾಳುಮೆಣಸು ಎಂದೆ. ಫ್ರಾನ್ಸಿನ ಬಡ ಹಳ್ಳಿಯಲ್ಲಿ ಕಾಳುಮೆಣಸೇ ಎಂದು ಅವಳು ತಕರಾರು ತೆಗೆದಳು. ಡಾರತಿ ಬಿಡುತ್ತಾಳೆಯೇ? ಆ ಕಾಲದಲ್ಲಿ ಯುರೋಪು ತಿಂದ ಮೆಣಸು ಭಾರತದ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಬರುತ್ತಿತ್ತು, ಈ ಅಮ್ಮ ಅದೇ ಕರಾವಳಿಯವರು ಎಂದು ಕಾಲು ಗಂಟೆ ಪಾಠ ಮಾಡಿದಳು. ಅಂಪೈರು ಸುಸ್ತಾಗಿ ಒಪ್ಪಿದಳು. ನಾನು ಅರ್ಥ ಹೇಳಿದ ಮೇಲೆ ಅತ್ತೆ, "ಮತ್ತೆ? ಇವರಿಗೆ ಒಳ್ಳೆಮೆಣಸು ತಿನ್ನಲಿಕ್ಕೆ ಕಲಿಸಿದ್ದೇ ನಾವು" ಎಂದು ಸೆರಗು ಸಿಕ್ಕಿಸಿದರು.

ಮಧ್ಯಾಹ್ನ, ನೆತ್ತಿಯ ಸೂರ್ಯ ಸ್ವಲ್ಪ ವಾಲಿದ ಮೇಲೆ, ಗುಡ್ಡದ ಅಂಚಿನಲ್ಲಿ ಧೂಳೆದ್ದಿತು. ಮೊದಲ ಮೂರು ಊರುಗಳಿಗೂ ಬಟ್ಟೆ ಕಟ್ಟಿ ಮುಗಿಸಿ, ಅರುವತ್ತು ಜನ ಬೆವರು ಸುರಿಸಿಕೊಂಡು ಬಂದರು. ಹಳ್ಳ ಅಲ್ಲಿಂದ ಕೂಗಳತೆ ದೂರ. ಗೆದ್ದಾಯಿತು ಎಂಬ ಗತ್ತು ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಗ್ರೆಗ್ ಕುದುರೆಯಿಂದಿಳಿದು, "ಡಾರತಿ, ಈ ಸಲವೂ ಬ್ರೆಡ್ಡೇನಾ?" ಎಂದು ಕೇಳಿದ. ಅಷ್ಟರಲ್ಲಿ ಅತ್ತೆ ಕಾದ ಬಾಣಲೆಗೆ ವಡೆ ಬಿಟ್ಟರು. ಆ ವಾಸನೆಗೆ ಇಡೀ ಸೈನ್ಯ ಇತ್ತ ತಿರುಗಿತು.

ನಾನು ಮುಂದೆ ಬಂದು ಕೈಮುಗಿದು ಹೇಳಿದೆ. ಈ ಊರಿನಲ್ಲಿ ಬಂದವರನ್ನು ಸಾಲಾಗಿ ಕೂರಿಸಿ ಬಡಿಸುತ್ತೇವೆ, ನಮ್ಮ ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ, ಒಪ್ಪಿಗೆಯೇ? ಗ್ರೆಗ್ ಸೂರ್ಯನ ಕಡೆ ನೋಡಿದ, ವಡೆಯ ಕಡೆ ನೋಡಿದ. "ಒಪ್ಪಿಗೆ" ಎಂದ. ಅಂಪೈರು ಬರೆದುಕೊಂಡಳು. ಬಿಲ್ಲುಗಾರರ ನಡುವೆ ನಿಂತಿದ್ದ ರಘು ನನ್ನನ್ನು ದುರುಗುಟ್ಟಿ ನೋಡಿದ. ಅವನಿಗೆ ಎಲ್ಲವೂ ಆಗಲೇ ಹೊಳೆದಿತ್ತು. ಹೊಳೆದರೇನು, ಮೊದಲು ಹೋಗಿ ಕುಳಿತವನೂ ಅವನೇ.

ಅಂಥ ಪಂಕ್ತಿ ನಾನು ಎಂದೂ ನೋಡಿಲ್ಲ. ಕಬ್ಬಿಣದ ಬಲೆಯ ಅಂಗಿ ತೊಟ್ಟವರು ಕಾಲು ಮಡಚಲಾರದೆ ಒದ್ದಾಡಿದರು. ಡಾರತಿ ಸಾಲಿನ ತಲೆಯಲ್ಲಿ ಕುಳಿತಳು. ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು. ಒಂದೊಂದಕ್ಕೂ ನಾವು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಬರಬೇಕು. ಅನ್ನ, ಸಾರು, ಮತ್ತೆ ಅನ್ನ, ಹುಳಿ. ಹಸಿದವರು ಚಪ್ಪರಿಸಿ ತಿಂದರು. ಡಾರತಿ ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿದಳು. ಆದರೂ ನನ್ನ ಎಣಿಕೆ ತಪ್ಪಿತ್ತು. ನೆರಳು ನೋಡಿದರೆ ಮೂರಕ್ಕೆ ಇನ್ನೂ ಅರ್ಧ ಗಂಟೆಯ ಮೇಲಿರಬಹುದು, ಉಳಿದಿರುವುದು ಪಾಯಸ ಮತ್ತು ಮಜ್ಜಿಗೆ ಮಾತ್ರ.

ಅಷ್ಟರಲ್ಲಿ ಡೇರೆಯ ಹಿಂದೆ ಪಾಯಸದ ಪಾತ್ರೆಯ ಮುಚ್ಚಳ ತೆಗೆದ ಅದಿತಿ ಪಿಸುದನಿಯಲ್ಲೇ ಕಿರುಚಿದಳು. "ಅಮ್ಮಾ! ಕ್ಯಾಶ್ಯೂಸ್!"

ಮೇಲೆಲ್ಲ ತುಪ್ಪದಲ್ಲಿ ಹುರಿದ ಗೋಡಂಬಿ ತೇಲುತ್ತಿತ್ತು. ಪಟ್ಟಿಯಲ್ಲಿ ಇಲ್ಲದ್ದು, ಅಂಪೈರು ನೋಡಿ ಹೋದ ಮೇಲೆ ಅತ್ತೆ ಹಾಕಿದ್ದು. "ಬಿಸಿಲಲ್ಲಿ ನಡೆದು ಬರುವ ಮಕ್ಕಳು, ಪಾಪ, ಅಂತ ನಾಲ್ಕು ಗೇರುಬೀಜ ಹಾಕಿದ್ದೇನೆ" ಎಂದರು.

"ಅಜ್ಜಿ, ದೇ ಆರ್ ಫ್ರಮ್ ಬ್ರೆಜಿಲ್!"

"ಗೇರುಬೀಜವಾ? ನಮ್ಮ ಗುಡ್ಡೆ ತುಂಬ ಉಂಟಲ್ಲ! ಯಾರು ಹೇಳಿದ್ದು ನಿಂಗೆ?" ಅತ್ತೆಗೆ ನಿಜಕ್ಕೂ ಸಿಟ್ಟು ಬಂತು. ಗೋಡಂಬಿಯನ್ನು ಪೋರ್ಚುಗೀಸರು ಅಮೆರಿಕದಿಂದ ತಂದು ನಮ್ಮ ಕರಾವಳಿಯಲ್ಲಿ ನೆಟ್ಟದ್ದೆಂದು ನನಗೂ ಆ ಕ್ಷಣದ ತನಕ ನೆನಪಾಗಿರಲಿಲ್ಲ. ಒಂದು ಚೂರು ಎಲೆಗೆ ಬಿದ್ದರೂ ನಿಯಮ ಮುರಿದಂತೆ, ಊರು ಹೋದಂತೆ. ಮುಂದೇನು ಮಾಡುವುದು? ಡೇರೆಯ ಹಿಂದೆ ಮೂವರೂ ಪಾತ್ರೆ ಸುತ್ತ ಕುಳಿತು, ಸೌಟಿನಲ್ಲಿ ಎತ್ತಿ ಎತ್ತಿ, ಒಂದೊಂದೇ ಗೋಡಂಬಿ ಆರಿಸಲು ತೊಡಗಿದೆವು. ಅತ್ತೆಯ ನಾಲ್ಕು ಎಂದರೆ ನಾಲ್ಕು ಹಿಡಿ. ಚೂರುಗಳು ತಳ ಸೇರಿದ್ದವು. ಕೊನೆಗೆ ಪಾಯಸವನ್ನೆಲ್ಲ ಜಾಲರಿಯಲ್ಲಿ ಸೋಸಿ, ಉಳಿದದ್ದನ್ನು ಕಣ್ಣಿಗೆ ಹತ್ತಿರ ಹಿಡಿದು ಹೆಕ್ಕಿದೆವು. ಹನ್ನೊಂದು ವರ್ಷ ಕಾದವಳ ಊರನ್ನು ನಾಲ್ಕು ಹಿಡಿ ಗೋಡಂಬಿಗೆ ಕಳೆದೆವಲ್ಲ ಎಂದು ಅಳು ಬಂತು.

ಡೇರೆಯ ಆಚೆಯಿಂದ ಗ್ರೆಗ್‌ನ ದನಿ ಕೇಳಿಸಿತು. "ರಘು, ಇದು ನಿಮ್ಮವರ ಊಟ ಅಲ್ಲವಾ? ಮುಗಿಯಿತಾ?"

ನಾನು ಹೆಕ್ಕುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ಅವನು ಮುಗಿಯಿತು ಎಂದಿದ್ದರೆ, ಡಾರತಿಯನ್ನು ಎಬ್ಬಿಸಲು ಅವರು ಅಂಪೈರನ್ನು ಕರೆಯಬಹುದಿತ್ತು. ರಘು ಇಂಗ್ಲೆಂಡಿನ ನಿಷ್ಠಾವಂತ ಬಿಲ್ಲುಗಾರ. ಸುಳ್ಳು ಹೇಳುವವನಲ್ಲ.

"ಇಲ್ಲ" ಎಂದ. "ಪಾಯಸ ಬಂದಿಲ್ಲ. ಪಾಯಸ ಬಿಟ್ಟು ಎದ್ದರೆ ನಮ್ಮಮ್ಮ ನನ್ನನ್ನ ಮನೆಗೆ ಸೇರಿಸಲ್ಲ."

ಗೋಡಂಬಿ ಆರಿಸಿ ಮುಗಿಸಿ ನಾವು ಪಾಯಸ ಹೊತ್ತು ಹೊರಬಂದಾಗ ನೆರಳು ಒಂದು ಮಾರು ಮುಂದಕ್ಕೆ ಸರಿದಿತ್ತು. ಆಗ ಅರ್ಥವಾಯಿತು ನನಗೆ. ನಮ್ಮನ್ನು ಮುಳುಗಿಸಬೇಕಿದ್ದ ಗೋಡಂಬಿಯೇ ಹೊತ್ತನ್ನು ನುಂಗಿ ಹಾಕಿತ್ತು. ಗ್ರೆಗ್ ಚಡಪಡಿಸುತ್ತಿದ್ದ. ಅತ್ತೆ ಅವನ ಎಲೆಗೆ ಎರಡು ಸೌಟು ಬಡಿಸಿ, ಅವನು ಕೈ ಅಡ್ಡ ಇಟ್ಟರೂ ಮೂರನೆಯದನ್ನು ಬಿಟ್ಟರು. ಡಾರತಿ ಮೊದಲ ತುತ್ತನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

ಕೊಂಬು ಮೊಳಗಿತು.

ಪೂರ್ವದ ಗುಡ್ಡದ ಮೇಲಿಂದ ಫ್ರಾನ್ಸಿನ ದಂಡು ಇಳಿದು ಬರುತ್ತಿತ್ತು. ಇಂಗ್ಲಿಷರ ಅರುವತ್ತು ಜನ ಬಾಳೆಲೆಯ ಮುಂದೆ, ಜೋಮು ಹಿಡಿದ ಕಾಲುಗಳ ಮೇಲೆ, ಬೆರಳು ನೆಕ್ಕುತ್ತಾ ಕುಳಿತಿದ್ದರು. ನಮ್ಮ ಕಂಬ ಬರಿದಾಗಿತ್ತು. ಗ್ರೆಗ್ ಒಂದು ಕ್ಷಣ ಬಾಯಿ ತೆರೆದು ನೋಡಿ, ಆಮೇಲೆ ಗುಡ್ಡ ಅದುರುವಂತೆ ನಕ್ಕ. ಸಾಲು ಸಾಲೇ ನಕ್ಕಿತು. ನಾವು ಸೌಟುಗಳನ್ನು ಬಡಿದು ಕುಣಿದೆವು. ನಾನು ಕುಣಿದೆ, ಅದಿತಿ ಕುಣಿದಳು, ಮಂಡಿನೋವಿನ ಅತ್ತೆಯೂ ಒಂದು ಸುತ್ತು ಹಾಕಿ, "ಆಯ್ತು, ಇನ್ನು ಮಜ್ಜಿಗೆ ಬಡಿಸಿ" ಎಂದರು. ನನ್ನ ಬದುಕಿನಲ್ಲಿ ಅಷ್ಟು ಜೋರಾಗಿ ನಾನು ಯಾವತ್ತೂ ಗೆದ್ದಿಲ್ಲ.

ಮಜ್ಜಿಗೆಯಾದ ಮೇಲೆ ಅಂಪೈರು ತನ್ನ ಪುಸ್ತಕ ತೆಗೆದಳು. ಒಂದನೆಯ ಊರು ಸುಟ್ಟಿತು, ಎರಡನೆಯ ಊರು ಸುಟ್ಟಿತು, ಮೂರನೆಯದೂ ಸುಟ್ಟಿತು ಎಂದು ಬರೆದಾಗಿತ್ತು. ನಾಲ್ಕನೆಯದರ ಮುಂದೆ ಅವಳ ಪೆನ್ನು ನಿಂತಿತು. ಉಳಿದ ಊರಿಗೆ ಏನು ಬರೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಯಾವ ವರ್ಷವೂ ಆ ಪ್ರಸಂಗ ಬಂದಿರಲಿಲ್ಲ. "ಹೆಸರು ಬರೆಯಿರಿ" ಎಂದಳು ಡಾರತಿ. "ಊರಿನವರ ಹೆಸರು, ಎಲ್ಲರದ್ದೂ." ಪುಸ್ತಕ ನಮ್ಮ ಕೈಗೆ ಬಂತು. ಒಬ್ಬೊಬ್ಬರೇ ಬರೆದೆವು. ಅತ್ತೆ ಇಂಗ್ಲಿಷು ಬೇಡವೆಂದು ಕನ್ನಡದಲ್ಲೇ, ದುಂಡಗೆ, ಸುಶೀಲಾ ಎಂದು ಬರೆದರು. ಎಲ್ಲರದೂ ಆದ ಮೇಲೆ ಡಾರತಿ ಪುಸ್ತಕವನ್ನು ಕೈಗೆ ತೆಗೆದುಕೊಂಡಳು. ಕುಳಿತೇ ಇದ್ದವಳು ಆಗ ಎದ್ದು ನಿಂತಳು. ಅವಳ ಹಿಂದೆ ಇಡೀ ಸೈನ್ಯ ನರಳುತ್ತಾ ಎದ್ದಿತು.

ಅವಳು ಶಾಲೆಯ ಹಾಜರಿ ಕೂಗುವಂತೆ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದಳು. ಒಬ್ಬೊಬ್ಬರೂ ಕೈಯೆತ್ತಿ, ಇದ್ದೇನೆ ಎಂದರು. ಅತ್ತೆಯ ಸಾಲು ಬಂದಾಗ ಅಕ್ಷರ ಓದಲು ಬಾರದೆ ಡಾರತಿ ಪುಸ್ತಕವನ್ನು ಅದಿತಿಯ ಕಡೆ ತಿರುಗಿಸಿದಳು. ನಾನು ಬಾಯಿ ತೆರೆಯುವ ಮೊದಲೇ, ಕನ್ನಡದ ಒಂದು ಸಾಲು ಓದೆಂದರೆ ಓಡಿಹೋಗುತ್ತಿದ್ದ ನನ್ನ ಮಗಳು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, "ಸು... ಶೀ... ಲಾ" ಎಂದು ಓದಿದಳು.

"ಇದ್ದೇನೆ ಮಗಾ, ಇದ್ದೇನೆ" ಎಂದರು ಅತ್ತೆ.